ಕಾಲುವೆ ಎತ್ತ ಕಡೆ ಎಂದು ಕೇಳಿದ ಅಬ್ಬಾಗೆ

ಅಬ್ಬಾ,

ನಿಮ್ಮ ಮುನ್ನಿಯ ಸಲಾಂ.

ಈ ಪತ್ರ ಕನ್ನಡದಲ್ಲಿ ಯಾಕೆ ಎಂದು ನೀವಂತೂ ಕೇಳುವುದಿಲ್ಲ. ನಮ್ಮ ಮನೆಮಾತು ಉರ್ದು, ಆದರೆ ನಿಮಗೆ ಓದಲು ಬರುತ್ತಿದ್ದದ್ದು ಕನ್ನಡವೊಂದೇ. ಅದನ್ನೂ ಶಾಲೆಯಲ್ಲಿ ಕಲಿತವರಲ್ಲ ನೀವು. ಕಾಲುವೆಗೆ ನೀರು ಬಿಡುವ ಲಷ್ಕರ್ ಆಗಿ, ತೂಬು ಎಷ್ಟು ಎತ್ತಿದೆ, ಎಷ್ಟು ಇಳಿಸಿದೆ ಎಂದು ರಿಜಿಸ್ಟರಿನಲ್ಲಿ ಬರೆಯುತ್ತ ಬರೆಯುತ್ತ ಕಲಿತವರು. ನಾನು ಎರಡನೆಯ ತರಗತಿಯಲ್ಲಿದ್ದಾಗ ನನ್ನ ಪುಸ್ತಕ ಕಸಿದುಕೊಂಡು, ‘ನೀರು’ ಎಂಬ ಪದ ಸಿಕ್ಕಲ್ಲೆಲ್ಲ ಬೆರಳಿಟ್ಟು ಜೋರಾಗಿ ಓದುತ್ತಿದ್ದಿರಿ. ಉಳಿದ ಪದಗಳನ್ನು ನನಗೆ ಬಿಡುತ್ತಿದ್ದಿರಿ. ನನ್ನ ಜೊತೆ ಮಾತ್ರ ಕನ್ನಡದಲ್ಲೇ ಮಾತಾಡುತ್ತೇನೆಂದು ಹಟ ಹಿಡಿದವರೂ ನೀವೇ. ಅಮ್ಮಿಗೆ ಅದು ಸೇರುತ್ತಿರಲಿಲ್ಲ. ಅಪ್ಪ ಮಗಳು ಸೇರಿ ನನ್ನನ್ನೇ ಆಡಿಕೊಳ್ಳುತ್ತೀರಿ ಎಂದು ಅವಳ ಗುಮಾನಿ. ಈಗ ಆ ಕನ್ನಡವನ್ನೇ ಗಂಗಾವತಿಯ ಸರಕಾರಿ ಶಾಲೆಯಲ್ಲಿ ಕಲಿಸಿ ಅನ್ನ ತಿನ್ನುತ್ತಿದ್ದೇನೆ.

ಹೋದ ವರ್ಷದ ಮೇ ತಿಂಗಳ ಆ ಮಧ್ಯಾಹ್ನ ನಿಮಗೆ ನೆನಪಿದೆಯೇ? ಮುನಿರಾಬಾದಿನ ಬಾಡಿಗೆ ಮನೆ, ಕಿಟಕಿಯ ಪಕ್ಕಕ್ಕೆ ನಿಮ್ಮ ಮಂಚ, ದಮ್ಮು ಹೆಚ್ಚಾಗಿ ಮಲಗಲಾರದೆ ನೀವು ದಿಂಬಿಗೆ ಒರಗಿ ಕೂತೇ ಇರುತ್ತಿದ್ದ ದಿನಗಳು. ನಾನು ಮೊಬೈಲಿನಲ್ಲಿ ಹೊಸ ಮನೆಯ ಫೋಟೋ ತೋರಿಸಿದೆ. ಬಾಗಿಲು, ಅಡುಗೆಮನೆ, ಮಾಳಿಗೆಯ ಮೇಲಿನಿಂದ ತೆಗೆದ ಹಿತ್ತಲು. ನೀವು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನಿಧಾನವಾಗಿ ನೋಡಿದಿರಿ. ಎಷ್ಟಕ್ಕೆ ಬಂತು ಎಂದು ಕೇಳಲಿಲ್ಲ, ಎಷ್ಟು ಕೋಣೆ ಎಂದೂ ಕೇಳಲಿಲ್ಲ.

“ಕಾಲುವಿ ಎತ್ತ ಐತಿ, ಮುನ್ನಿ?” ಎಂದಿರಿ.

“ದೂರ ಐತಿ ಅಬ್ಬಾ. ಆ ಕಡಿ ಎಲ್ಲೋ.”

“ಛಲೋ ಆತು,” ಎಂದು ಕನ್ನಡಕ ತೆಗೆದು ದಿಂಬಿನ ಪಕ್ಕ ಇಟ್ಟಿರಿ.

ದೂರ ಇರಲಿಲ್ಲ ಅಬ್ಬಾ. ನಮ್ಮ ಹಿತ್ತಲಿನ ಆಚೆ ಒಂದೇ ಒಂದು ಭತ್ತದ ಗದ್ದೆ, ಅದರಾಚೆ ಕಾಲುವೆಯ ಏರಿ. ನಾನೇ ನಡೆದು ನೋಡಿ ಬಂದಿದ್ದೆ. ಗೊತ್ತಿದ್ದೂ ಹೇಳಿದ ಸುಳ್ಳು ಅದು. ಅದಾಗಿ ಮೂರು ವಾರಕ್ಕೆ ನೀವು ಹೊರಟುಹೋದಿರಿ. ಮಣ್ಣು ಮುಗಿಸಿ ಅಮ್ಮಿಯನ್ನು ಕರೆದುಕೊಂಡು ಬಂದವಳು, ಆಮೇಲಿನ ಈ ಹದಿನೈದು ತಿಂಗಳಲ್ಲಿ ನಾನು ಒಮ್ಮೆಯೂ ಮುನಿರಾಬಾದಿನ ಕಡೆ ಬಂದಿಲ್ಲ. ಕೇಳಿದವರಿಗೆಲ್ಲ ಶಾಲೆಗೆ ರಜೆ ಸಿಗುತ್ತಿಲ್ಲ ಎಂದೆ. ಅದೂ ಸುಳ್ಳೇ. ಹೆಂಗಸರು ಒಳಗೆ ಕಾಲಿಡುವಂತಿಲ್ಲದ ಖಬರಸ್ತಾನದ ಗೋಡೆಯ ಹೊರಗೆ ನಿಂತು ನಿಮಗೆ ಏನಂತ ಹೇಳಲಿ? ಹೊಸ ಮನೆ ಛಲೋ ಐತಿ ಅಂತಲೇ?

ನಾವಿದ್ದ ಕ್ವಾರ್ಟರ್ಸಿನ ಗೋಡೆಗಳು ನೆನಪಾಗುತ್ತವೆ. ಮೂವತ್ತು ವರ್ಷದಲ್ಲಿ ಆ ಗೋಡೆಗೆ ನೀವು ಒಂದು ಮೊಳೆಯನ್ನೂ ಹೊಡೆಯಲು ಬಿಡಲಿಲ್ಲ. “ಸರಕಾರದ ಗೋಡಿ, ತೂತ ಮಾಡಬಾರ್ದು” ಎನ್ನುತ್ತಿದ್ದಿರಿ. ಪಕ್ಕದ ಮನೆಯವರು ಗೋಡೆ ತುಂಬ ಮೊಳೆ ಹೊಡೆದು ಹಬ್ಬದ ಬಣ್ಣದ ಕಾಗದ ಕಟ್ಟುತ್ತಿದ್ದರು. ನಮ್ಮ ಕ್ಯಾಲೆಂಡರು ಕಿಟಕಿಯ ಸರಳಿಗೆ ದಾರದಲ್ಲಿ ತೂಗುತ್ತ ಗಾಳಿ ಬಂದಾಗಲೆಲ್ಲ ಟಪಟಪ ಎನ್ನುತ್ತಿತ್ತು. ನೀವು ನಿವೃತ್ತರಾದ ಮೇಲೆ ಬಾಡಿಗೆ ಮನೆಗಳಾದವು. ನನ್ನ ಮದುವೆಯಾದ ಮೇಲೆ ಕುಷ್ಟಗಿಯಲ್ಲಿಯೂ ಬಾಡಿಗೆ ಮನೆಯೇ. ನನಗೆ ಗಂಗಾವತಿಗೆ ವರ್ಗವಾದಾಗ ಒಂದೇ ಹಂಬಲವಿತ್ತು, ಯಾರನ್ನೂ ಕೇಳದೆ ಮೊಳೆ ಹೊಡೆಯುವಂಥ ಒಂದು ಗೋಡೆ. ಹಂಬಲ ಜೋರಾದರೆ ಕಣ್ಣು ಮಂದವಾಗುತ್ತದೆ ಎಂದು ಈಗ ಗೊತ್ತಾಗಿದೆ.

ಆ ಮನೆಯನ್ನು ನಾನು ಮೊದಲು ನೋಡಿದ್ದು ಏಪ್ರಿಲ್ ತಿಂಗಳ ಕೊನೆಯಲ್ಲಿ. ಕಾಲುವೆಗೆ ನೀರು ನಿಲ್ಲಿಸಿ ಎರಡು ವಾರವಾಗಿತ್ತು. ಹೊರಗೆ ಕಾಲಿಡಲಾರದ ಬಿಸಿಲು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ನೆಲ ಎಷ್ಟು ತಂಪು! “ನಮ್ಮ ಮನಿ ಬ್ಯಾಸಗ್ಯಾಗ ಫ್ಯಾನೇ ಬೇಡಂತೈತಿ ನೋಡ್ರಿ” ಎಂದ ಮಾಲೀಕ. ನಾನು ಹಿಗ್ಗಿದೆ. ಗೋಡೆಯ ಕೆಳಗಿನ ಎರಡು ಅಡಿಗೆ ಮಾತ್ರ ಹೊಸ ಬಣ್ಣ ಹಚ್ಚಿದ್ದು ಕಂಡಿತು, ಕಂಡರೂ ‘ಮಕ್ಕಳು ಗೀಚಿರಬೇಕು’ ಎಂದುಕೊಂಡೆ. ಲಷ್ಕರನ ಮಗಳು ನಾನು! ಕಾಲುವೆ ಹರಿದರೆ ಅದರ ನೀರು ನೆಲದೊಳಗೆ ಬಸಿದು ತಗ್ಗಿನ ಕಡೆ ಬರುತ್ತದೆ, ತಗ್ಗಿನಲ್ಲಿ ಮನೆಯಿದ್ದರೆ ಮನೆಯೊಳಗೇ ಬರುತ್ತದೆ, ಅದಕ್ಕೇ ಈ ಸೀಮೆಯಲ್ಲಿ ಮನೆ ನೋಡುವವರು ಕಾಲುವೆ ತುಂಬಿದಾಗ ನೋಡಬೇಕು ಎಂದು ಊಟ ಮಾಡುವಾಗ ನೂರು ಸಲ ಹೇಳಿದವರು ನೀವು. ಒಣ ಬೇಸಿಗೆಯಲ್ಲಿ ಹೋಗಿ, ಅದೇ ದಿನ ಇಸಾರದ ಮುಂಗಡ ಕೊಟ್ಟು ಬಂದವಳು ನಾನು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ.

ಇಸಾರ ಕೊಟ್ಟ ಮೇಲೆ ಭಯವಾಯಿತು. ಆ ಸಂಜೆಯೇ ಗದ್ದೆಯ ಬದುವಿನ ಮೇಲೆ ನಡೆದು ಕಾಲುವೆಯ ಏರಿ ಮುಟ್ಟಿ ಬಂದೆ. ಇನ್ನೂರು ಹೆಜ್ಜೆಯೂ ಆಗಲಿಲ್ಲ. ನಿಮಗೆ ಹೇಳಿದ್ದರೆ ನೀವು ‘ಬ್ಯಾಡ’ ಎನ್ನುತ್ತಿದ್ದಿರಿ, ನನಗೆ ಬೇಡವೆಂದು ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ. ಇಷ್ಟೇ ಕಾರಣ. ಅದಕ್ಕಿಂತ ಒಳ್ಳೆಯ ಕಾರಣ ಹುಡುಕಲು ಭಾಳ ದಿನ ಒದ್ದಾಡಿದೆ, ಸಿಗಲಿಲ್ಲ.

ನೀವು ಹೋದ ಮೇಲೆ ಅಮ್ಮಿಯನ್ನು ಕರೆದುಕೊಂಡು ಆ ಮನೆಗೆ ಬಂದೆವು. ನಿಮ್ಮ ಅಳಿಯ ಖಾಜಾ ಗಡಿಯಾರಕ್ಕೆ ಮೊಳೆ ಹೊಡೆಯುವಾಗ ಅಮ್ಮಿಯೂ ನಾನೂ ಒಟ್ಟಿಗೇ ಬೆಚ್ಚಿದೆವು. ಜುಲೈ ಕೊನೆಗೆ ಕಾಲುವೆಗೆ ನೀರು ಬಿಟ್ಟರು. ಆಗಸ್ಟ್ ಹದಿನೈದರ ಹೊತ್ತಿಗೆ ಮೂಲೆಯಲ್ಲಿದ್ದ ಚಾಪೆ ಎತ್ತಿದರೆ ಕೆಳಗೆ ಕಪ್ಪಗೆ ಒದ್ದೆ. ವಾರದೊಳಗೆ ಗೋಡೆಯ ಬುಡಕ್ಕೆ ಉಪ್ಪು ಹೂ ಬಿಟ್ಟಿತು. ಗಡಿಯಾರದ ಮೊಳೆ ಗಾರೆಯ ಸಮೇತ ಕಳಚಿ ಬಿತ್ತು. ನೆಲಕ್ಕೆ ಹಾಸಿದ ಗಾದಿ ಬೆಳಿಗ್ಗೆ ಭಾರವಾಗಿರುತ್ತಿತ್ತು, ಮಾಳಿಗೆಗೆ ಒಯ್ದು ಒಣಹಾಕಬೇಕು. ಅಲ್ಲಿ ನಿಂತು ನೋಡಿದರೆ ನಮ್ಮ ಸಾಲಿನ ಹನ್ನೊಂದು ಮಾಳಿಗೆಯ ಮೇಲೂ ಗಾದಿಗಳು. ಮೊದಲ ದಿನ ಪಕ್ಕದ ಮನೆಯ ಯಮನೂರಪ್ಪನವರನ್ನು ಕೇಳಿದೆ. “ಹುಡುಗೂರು ಹಾಸಿಗಿ ತೊಯ್ಸಾವ್ರಿ ಟೀಚರ” ಎಂದರು. ನಾನೂ ಇನ್ನೊಬ್ಬರಿಗೆ ಹಾಗೆಯೇ ಹೇಳಿದೆ. ಅಬ್ಬಾ, ಆ ವರ್ಷ ನಮ್ಮ ಓಣಿಯಲ್ಲಿ ಹಾಸಿಗೆ ತೋಯಿಸದ ಕೂಸೇ ಇರಲಿಲ್ಲ.

ಖಾಜಾ ಕೆಟ್ಟವರಲ್ಲ. ನಿಮಗೇ ಗೊತ್ತು, ಮದುವೆಗೆ ಮೊದಲು ನೀವೇ ಬೇವೂರಿಗೆ ಹೋಗಿ ನೋಡಿ ಬಂದವರು. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ ಎನ್ನುವ ಊರಿನವರು. ಮೋಟಾರು ವೈಂಡಿಂಗ್ ಅಂಗಡಿ ಇಟ್ಟುಕೊಂಡು ಜಗತ್ತಿನ ಬೋರ್‌ವೆಲ್ಲಿನ ಮೋಟಾರುಗಳನ್ನೆಲ್ಲ ಬಿಚ್ಚಿ ಜೋಡಿಸುವ ಮನುಷ್ಯ, ತಮ್ಮ ಮನೆಯೊಳಗೆ ಕರೆಯದೆ ಬಂದ ನೀರನ್ನು ಕಂಡು ಕಂಗಾಲಾದರು. ಚಳಿಗಾಲವೆಲ್ಲ ಅಮ್ಮಿಗೆ ಕೆಮ್ಮು. ಒಂದು ದಿನ ಊಟದ ತಟ್ಟೆ ಮುಂದಿಟ್ಟುಕೊಂಡು ಖಾಜಾ ಹೇಳಿದರು. “ಏಪ್ರಿಲ್‌ಕ್ಕ ಕಾಲುವಿ ಬಂದ್ ಆಗ್ತೈತಿ. ಕೆಳಗ ಎರಡಡಿ ಬಣ್ಣಾ ಹಚ್ಚೂನು. ನಮಗ ಹೆಂಗ ಬಂತೋ ಹಂಗ ಇನ್ನೊಬ್ರಿಗೆ ಹೋಗ್ಲಿ.”

ನಾನು ಬೇಡ ಎನ್ನಲಿಲ್ಲ. ಯಾಕೆ ಮುಚ್ಚಿಡಲಿ, ನನಗೂ ಅದೇ ಆಸೆ ಹುಟ್ಟಿತ್ತು. ಬಣ್ಣದ ಅಂಗಡಿಯಲ್ಲಿ ಹಳೆಯ ಗೋಡೆಗೆ ಹೊಂದುವ ಹಸಿರನ್ನು ಅರ್ಧ ಗಂಟೆ ನಿಂತು ಆರಿಸಿದವಳೂ ನಾನೇ.

ತಾವರಗೇರಾದ ಶರಣವ್ವ ಮನೆ ನೋಡಲು ಬಂದದ್ದು ಈ ಮೇ ತಿಂಗಳ ಮೊದಲ ಭಾನುವಾರ. ಸರಕಾರಿ ಹಾಸ್ಟೆಲಿನಲ್ಲಿ ಅಡುಗೆ ಮಾಡುವಾಕೆ, ಗಂಗಾವತಿಗೆ ವರ್ಗವಾಗಿ ಬಂದು ಆರು ತಿಂಗಳಾಗಿತ್ತಂತೆ. ಗಂಡ ಇಲ್ಲ, ಕಾಲೇಜಿಗೆ ಹೋಗುವ ಮಗಳೊಬ್ಬಳು. ಬಿಸಿಲಿನಿಂದ ಬಂದವಳು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟು ಅಲ್ಲೇ ನಿಂತುಬಿಟ್ಟಳು.

“ಅಯ್ಯ, ಎಷ್ಟ ತಂಪೈತ್ರಿ ನೆಲಾ,” ಎಂದಳು.

ಹೋದ ವರ್ಷ ನಾನೂ ಹೀಗೇ ನಿಂತಿದ್ದೆ. ಅದೇ ಮಾತು, ಅದೇ ಹೊಸ್ತಿಲು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನೆಲದ ಮೇಲೆ ಕೂತು, ಹೊಸ ಬಣ್ಣದ ಗೋಡೆಗೇ ಬೆನ್ನು ಕೊಟ್ಟಳು. ಅಮ್ಮಿ ಕೊಟ್ಟ ನೀರನ್ನು ಗಟಗಟ ಕುಡಿದಳು.

“ನೀರಿಂದೇನು ತ್ರಾಸಿಲ್ಲಲ್ರಿ ಇಲ್ಲೆ?” ಎಂದು ಕೇಳಿದಳು. “ನಮ್ಮ ಕಡಿ ಟ್ಯಾಂಕರ್ ಬರೂ ದಿನ ಹೆಣಮಕ್ಕಳು ಕೆಲಸಕ್ಕ ಹೋಗೂದಿಲ್ರಿ. ಮನ್ಯಾಗ ನೀರಿದ್ರ ಮತ್ತೇನ ಬೇಕ್ರಿ ನಮಗ.”

“ನೀರಿಗೇನ ಕಮ್ಮಿ ಇಲ್ಲವ್ವಾ,” ಎಂದರು ಖಾಜಾ. ಅದು ಸುಳ್ಳಾಗಿರಲಿಲ್ಲ.

ಒಣನೆಲದವರಿಗೆ ಕಾಲುವೆಯ ಬಗ್ಗೆ ಏನು ಕೇಳಬೇಕೆಂದೇ ಗೊತ್ತಿರುವುದಿಲ್ಲ. ಕೇಳಲು ಗೊತ್ತಿಲ್ಲದವರಿಗೆ ಸುಳ್ಳು ಹೇಳುವ ಕೆಲಸವೂ ಇಲ್ಲ ಅಬ್ಬಾ, ಸುಮ್ಮನಿದ್ದರೆ ಸಾಕು. ನಾನು ಸುಮ್ಮನಿದ್ದೆ. ಅವಳು ಅಡುಗೆಮನೆ ನೋಡಿದಳು, ಮಗಳು ಓದಲು ಎಲ್ಲಿ ಕೂರಬಹುದು ಎಂದು ನೋಡಿದಳು. ಬೆಳಕು ಬೀಳುವ ಜಾಗ ಹುಡುಕಿ, ಅಳತೆ ಮಾಡುವಂತೆ ಎರಡು ಕೈ ಚಾಚಿದಳು. ‘ಬರೂ ವಾರ ಇಸಾರ ತರ್ತೀನ್ರಿ’ ಎಂದು ಗೇಟಿನವರೆಗೆ ಹೋದಳು. ನಾನು ಕಳಿಸಿ ಬರಲು ಜೊತೆಗೆ ಹೋದೆ. ಗೇಟಿನ ಚಿಲಕ ತೆಗೆಯುತ್ತ ನಿಂತಾಗ ನಿಮ್ಮ ಕನ್ನಡಕ ಕಣ್ಣಿಗೆ ಕಟ್ಟಿತು. ದಿಂಬಿನ ಪಕ್ಕ ಮಡಚಿ ಇಟ್ಟಿದ್ದಿರಲ್ಲ, ಹಾಗೆ. ಇನ್ನೊಬ್ಬರಿಗೆ ನಾನು ‘ದೂರ ಐತಿ’ ಎನ್ನಲಾರೆ ಅನ್ನಿಸಿತು. ನಿಮಗೆ ಹೇಳಿದ್ದೇ ಸಾಕಾಗಿತ್ತು.

“ಶರಣವ್ವಾರ, ಇಸಾರ ತರಬ್ಯಾಡ್ರಿ,” ಎಂದೆ. “ಆಗಸ್ಟ್‌ನ್ಯಾಗ ಬಂದು ಮನಿ ನೋಡ್ರಿ. ಹಿಂದ ಕಾಲುವಿ ಐತಿ. ನೀರು ಬಿಟ್ಟ ಮ್ಯಾಲ ಈ ನೆಲದಾಗ ಬಸಿ ಬರ್ತೈತಿ. ಈ ತಂಪು ಅದರದ.”

ಅವಳು ಮನೆಯ ಕಡೆ ತಿರುಗಿ ನೋಡಿದಳು. “ಮತ್ತ ನಂಗ್ಯಾಕ ಹೇಳಿದ್ರಿ ಇದನ್ನ?”

“ನಿಮಗ ಕೇಳಾಕ ಗೊತ್ತಿರ್ಲಿಲ್ಲ.”

“ಹೌದ್ರಿ ಬಿಡ್ರಿ,” ಎಂದು ಒಂದು ಉಸಿರು ಬಿಟ್ಟು ಹೊರಟಳು. ಬಿಸಿಲಿನಲ್ಲಿ ಸೆರಗು ತಲೆಗೆ ಎಳೆದುಕೊಂಡು ಹೋಗುವುದನ್ನು ನೋಡುತ್ತ ನಿಂತೆ. ತಿರುಗಿದರೆ ಬಾಗಿಲಲ್ಲಿ ಖಾಜಾ, ಪಕ್ಕದ ಕಾಂಪೌಂಡಿನಲ್ಲಿ ಯಮನೂರಪ್ಪನವರು. ಇಬ್ಬರೂ ಎಲ್ಲ ಕೇಳಿಸಿಕೊಂಡಿದ್ದರು. ಖಾಜಾ ನನ್ನ ಜೊತೆ ಮಾತು ಬಿಟ್ಟರು.

ಯಮನೂರಪ್ಪನವರು ಮಾತು ಬಿಡಲಿಲ್ಲ, ಸಂಜೆಯೇ ಬಂದರು. ಅವರ ಮಗ ಹೊಸಪೇಟೆಯಲ್ಲಿದ್ದಾನೆ, ಆ ಬೇಸಿಗೆಯಲ್ಲೇ ಮನೆ ಮಾರಿ ಅವನಲ್ಲಿಗೆ ಹೋಗಬೇಕೆಂದು ಅವರೂ ಬಣ್ಣ ಹಚ್ಚಿಸಿದ್ದರು. ತಮ್ಮ ಟೈರಿನ ಅಂಗಡಿಯಿಂದ ನೇರವಾಗಿ, ಕೈಗೆ ಹತ್ತಿದ ಮಸಿಯನ್ನೂ ತೊಳೆಯದೆ ಬಂದಿದ್ದರು.

“ಏನ್ ಟೀಚರ, ನಿಮ್ಮ ಮನಿ ನೀವು ಕೆಡಿಸಿಕೊಳ್ರಿ. ಓಣಿ ಹೆಸರ್ಯಾಕ ಕೆಡಿಸ್ತೀರಿ? ನಾಳಿ ಇಲ್ಲಿ ಒಂದು ಮನಿಗೆ ಗಿರಾಕಿ ಬರೂದಿಲ್ಲ. ನಮ್ಮ ಮನ್ಯಾಗ ನೀರಿಲ್ಲ, ಗೀರಿಲ್ಲ. ನಿಮ್ಮ ಮನ್ಯಾಗ ಬಂದ್ರ ಅದು ನಿಮ್ಮ ಕರ್ಮಾ.”

ನಾನು ಅವರಿಗೆ ಕುರ್ಚಿ ಎಳೆದು ಕೊಟ್ಟೆ. ಅಷ್ಟರಲ್ಲಿ ಅಮ್ಮಿ, ಎಂದೂ ಹೊರಗಿನವರ ಮುಂದೆ ಕನ್ನಡದಲ್ಲಿ ಬಾಯಿ ಬಿಡದ ನಮ್ಮ ಅಮ್ಮಿ, ಚಹಾದ ಬಟ್ಟಲು ಅವರ ಮುಂದೆ ಇಟ್ಟು ಮೆಲ್ಲಗೆ ಕೇಳಿದಳು.

“ಅಣ್ಣಾ, ಹೋದ ಮಳಿಗಾಲದಾಗ ನಿಮ್ಮ ಮಾಳಿಗಿ ಮ್ಯಾಲ ದಿನಾ ನಾಕು ಗಾದಿ ಒಣಗ್ತಿದ್ವು. ಹುಡುಗೂರು ತೊಯ್ಸಾವ ಅಂದಿದ್ರಿ. ನಿಮ್ಮ ಮನ್ಯಾಗ ನೀವು ಗಂಡ ಹೆಂಡ್ತಿ ಇಬ್ರ ಇದೀರಲ್ಲಾ?”

ಅಬ್ಬಾ, ನೀವು ಇರಬೇಕಾಗಿತ್ತು. ಯಮನೂರಪ್ಪನವರು ಎತ್ತಿದ ಚಹಾದ ಬಟ್ಟಲನ್ನು ಹಾಗೇ ಕೆಳಗಿಟ್ಟರು. ಒಳಕೋಣೆಯಲ್ಲಿ ಮಾತು ಬಿಟ್ಟು ಕೂತಿದ್ದ ಖಾಜಾ ಮೊದಲು ಕಿಸಕ್ಕೆಂದರು. ಆಮೇಲೆ ನಾನು. ಕೊನೆಗೆ ಯಮನೂರಪ್ಪನವರೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಒರೆಸಿಕೊಳ್ಳುವುದು ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ಹತ್ತು ವರ್ಷದಿಂದ ಹೆಂಡತಿಗೆ ಕೀಲುನೋವಂತೆ. ನೆಲದ ಥಂಡಿಗೆ ಎಂದು ಗೊತ್ತಿದ್ದೂ ಯಾರಿಗೂ ಹೇಳುವಂತಿರಲಿಲ್ಲ, ಹೇಳಿದರೆ ಮನೆ ಮಾರಾಟವಾಗುವುದಿಲ್ಲ.

“ಎಲ್ಲಾರ ಮನ್ಯಾಗೂ ಐತ್ರಿ ಅಮ್ಮಾರ,” ಎಂದರು. “ಒಬ್ರಿಗೊಬ್ರು ಹೇಳಿಲ್ಲ ಅಷ್ಟ. ಈಗೇನ ಮಾಡೂದು?”

ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ನೀವು ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಕಾಲುವೆಯ ಏರಿಯ ಮೇಲೆ ಹೋಗುತ್ತಿದ್ದಾಗ ಒಬ್ಬ ರೈತ ನಿಮ್ಮನ್ನು ನಿಲ್ಲಿಸಿ, ಗದ್ದೆಯಲ್ಲಿ ಬಸಿ ನಿಂತು ಬೆಳೆ ಹಳದಿಯಾಯಿತೆಂದು ಜಗಳ ತೆಗೆದಿದ್ದ. ತೂಬು ಸೋರುತ್ತದೆ, ಸರಿಯಾಗಿ ಮುಚ್ಚು ಎಂದು ಅವನ ತಕರಾರು. ನೀವು ಸೈಕಲ್ ಬದುವಿಗೆ ಒರಗಿಸಿ, ನನ್ನ ಕೈ ಹಿಡಿದುಕೊಂಡು ಅವನ ಗದ್ದೆಯ ತಗ್ಗಿನ ತುದಿಗೆ ಹೋದಿರಿ. ಅಲ್ಲಿ ಬಸಿಗಾಲುವೆಯನ್ನು ಮುಚ್ಚಿ ಅವನು ಎರಡು ಸಾಲು ಹೆಚ್ಚಿಗೆ ನಾಟಿ ಮಾಡಿದ್ದ. “ಬರೂ ನೀರಿಗೆ ಬ್ಯಾಡ ಅಂದ್ರ ಕೇಳೂದಿಲ್ಲಪ್ಪಾ. ಹೋಗೂ ದಾರಿ ಕೊಡು, ತಾನ ಹೋಗ್ತೈತಿ” ಎಂದಿರಿ. ಅವನು ಒಪ್ಪಲಿಲ್ಲ. ನೀವು ಅವನದೇ ಸಲಿಕೆ ತೆಗೆದುಕೊಂಡು ತೋಡಲು ಸುರು ಮಾಡಿದಿರಿ. ನನಗಾಗ ಎಂಟು ವರ್ಷ, ಹಸಿವಾಗಿ ಅಳುತ್ತ ಕೂತಿದ್ದೆ.

ಮರುದಿನ ಯಮನೂರಪ್ಪನವರನ್ನು ಕರೆದುಕೊಂಡು ಹಿತ್ತಲಿನ ಹಿಂದೆ ಹೋದೆ. ನಾನು ಅಂದುಕೊಂಡಂತೆಯೇ ಇತ್ತು. ಗದ್ದೆಗೂ ನಮ್ಮ ಸಾಲಿಗೂ ನಡುವೆ ಒಂದು ಹಳೆಯ ಬಸಿಗಾಲುವೆ ಹಳ್ಳದವರೆಗೆ ಹೋಗುತ್ತಿತ್ತು. ಮನೆ ಕಟ್ಟಿದವರೆಲ್ಲ ಹಿತ್ತಲು ಮೂರಡಿ ದೊಡ್ಡದಾಗಲಿ ಎಂದು ತಮ್ಮ ತಮ್ಮ ಹಿಂದಿನದನ್ನು ಮುಚ್ಚಿಕೊಂಡಿದ್ದರು. ಹನ್ನೊಂದು ಮನೆಯವರೂ ಆ ಮೂರಡಿ ಬಿಡಬೇಕು. ಒಬ್ಬರ ಬಾಳೆಗಿಡ, ಒಬ್ಬರ ಬಚ್ಚಲು, ಯಮನೂರಪ್ಪನವರ ತಗಡಿನ ಶೆಡ್ಡು. ಮೊದಲು ಯಾರೂ ಒಪ್ಪಲಿಲ್ಲ. “ನಮ್ಮಲ್ಲಿ ನೀರ ಬರೂದಿಲ್ರಿ” ಎಂದು ಒಬ್ಬರಾದ ಮೇಲೊಬ್ಬರು. ಯಮನೂರಪ್ಪನವರು ಎಲ್ಲರಿಗೂ ಒಂದೇ ಮಾತು ಹೇಳುತ್ತ ಹೋದರು. “ಮತ್ತ ಗಾದಿ ಯಾರು ತೊಯ್ಸಿದ್ರು, ಅವರ್ನ ಕರೀರಿ ನೋಡೂನು.” ತಗಡಿನ ಶೆಡ್ಡು ಮೊದಲು ಇಳಿಯಿತು. ಮೊದಲ ಗುದ್ದಲಿ ಎತ್ತಿದವರು ಯಾರು ಹೇಳಿ? ನಿಮ್ಮ ಅಳಿಯ. ಒಣನೆಲದ ಮನುಷ್ಯ ನೀರಿಗೆ ದಾರಿ ತೋಡುತ್ತ, ನಮ್ಮೂರಿನವರು ನೋಡಿದರೆ ನಗುತ್ತಾರೆ ಎನ್ನುತ್ತಿದ್ದರು. ಮಾತೂ ಅಂದೇ ತಿರುಗಿ ಸುರುವಾಯಿತು. ತೋಡಿ ಮುಗಿಸಲು ನಾಲ್ಕು ಭಾನುವಾರ ಹಿಡಿಯಿತು.

ಈ ಜುಲೈನಲ್ಲಿ ನೀರು ಬಿಟ್ಟ ದಿನದಿಂದ ನನಗೆ ಊಟ ಸೇರಲಿಲ್ಲ. ದಿನಾ ಶಾಲೆಯಿಂದ ಬಂದವಳೇ ಹಿಂದೆ ಹೋಗಿ ನೋಡುವುದು. ಕಾಲುವೆ ತುಂಬಿ ಹರಿಯಿತು, ಗದ್ದೆಯಲ್ಲಿ ನೀರು ನಿಂತಿತು, ನಾಟಿ ಸುರುವಾಯಿತು, ನಮ್ಮ ಬಸಿಗಾಲುವೆ ಮಾತ್ರ ಒಣಗಿಯೇ ಇತ್ತು. ಇಷ್ಟೆಲ್ಲ ಮಾಡಿ ನೀರು ಇಲ್ಲಿಗೆ ಬರದೆ ನೇರ ಮನೆಯೊಳಗೇ ಬಂದರೆ? ಓಣಿಯವರ ಮುಂದೆ ಯಾವ ಮುಖ ಇಟ್ಟುಕೊಂಡು ತಿರುಗಲಿ? ಹದಿನೆಂಟನೆಯ ದಿನ ಮಣ್ಣು ಬಣ್ಣ ಬದಲಿಸಿತು. ಇಪ್ಪತ್ತನೆಯ ದಿನ ಬೆರಳು ಗಾತ್ರದ ನೀರು ಹಳ್ಳದ ಕಡೆ ಹೊರಟಿತು. ಯಮನೂರಪ್ಪನವರ ಹೆಂಡತಿ ಕುಂಟುತ್ತ ಬಂದು ಅದಕ್ಕೆ ಅರಿಶಿನ ಕುಂಕುಮ ಹಾಕಿ ಹೋದರು. ನಮ್ಮ ಮನೆಯಲ್ಲಿ ಒಂದು ಮೂಲೆ ಈಗಲೂ ಬೆವರುತ್ತದೆ, ಸುಳ್ಳು ಹೇಳುವುದಿಲ್ಲ. ಉಳಿದ ನೆಲ ಒಣಗಿದೆ. ಅಮ್ಮಿಯ ಕೆಮ್ಮು ನಿಂತಿದೆ.

ನಾನು ಹೇಳಿದಂತೆಯೇ ಶರಣವ್ವ ಆಗಸ್ಟ್‌ನಲ್ಲಿ ಬಂದಳು. ನಾನು ಅವಳನ್ನು ಮರೆತೇಬಿಟ್ಟಿದ್ದೆ. ಚಪ್ಪಲಿ ಬಿಟ್ಟು ಒಳಗೆ ಬಂದು, ಎಲ್ಲ ಕೋಣೆಗಳಲ್ಲೂ ನೆಲಕ್ಕೆ ಅಂಗೈ ಒತ್ತಿ ನೋಡಿದಳು. ಬೆವರುವ ಮೂಲೆಯನ್ನು ನಾನು ತೋರಿಸುವ ಮೊದಲೇ ಹುಡುಕಿದಳು. ಆಮೇಲೆ ಬೆಲೆಯ ಮಾತು ತೆಗೆದಳು. ನನ್ನ ಬಾಯಿಂದ ಥಟ್ಟನೆ ಬಂತು. “ನಮ್ಮ ಮನಿ ಮಾರೂದಿಲ್ರಿ.” ಖಾಜಾ ನನ್ನ ಮುಖ ನೋಡಿದರು. ನಾನೂ ಅವರ ಮುಖ ನೋಡಿದೆ. ಅಲ್ಲಿಯವರೆಗೆ ಇಬ್ಬರೂ ಅದನ್ನು ‘ನಮ್ಮ ಮನೆ’ ಎಂದು ಕರೆದೇ ಇರಲಿಲ್ಲ.

ಶರಣವ್ವನ ಮುಖ ಸಣ್ಣದಾಯಿತು. ಆಗ ಯಮನೂರಪ್ಪನವರೇ ಕಾಂಪೌಂಡಿನಿಂದ ಕರೆದು ತಮ್ಮ ಮನೆ ತೋರಿಸಿದರು. ತಾವೇ ಮಂಚ ಸರಿಸಿ, ಚಾಪೆ ಎತ್ತಿ, “ಇಲ್ಲಿ ನೋಡ್ರಿ, ಈ ಮೂಲಿ ಇನ್ನಾ ಒದ್ದಿ ಆಗ್ತೈತಿ. ಪೂರಾ ಹೋಗೂದಿಲ್ಲ ಇದು” ಎಂದರು. ಶರಣವ್ವ ಆ ಒದ್ದೆ ಮುಟ್ಟಿ ಕೈ ಮೂಸಿ ನೋಡಿದಳು.

“ನಮ್ಮೂರಾಗ ಕರದ್ರೂ ಬರವಲ್ದು ನೀರು,” ಎಂದಳು. “ಇಲ್ಲೆ ಕರೀದ ಬರ್ತೈತಿ ಅಂದ್ರ, ಬರ್ಲಿ ಬಿಡ್ರಿ. ಆದ್ರ ಮೂಲಿ ಲೆಕ್ಕಾ ಹಿಡದು ರೇಟ್ ಇಳಸ್ರಿ ಮತ್ತ.” ಬರುವ ತಿಂಗಳು ತಾಯಿ ಮಗಳು ನಮ್ಮ ಪಕ್ಕದ ಮನೆಗೆ ಬರುತ್ತಾರೆ.

ಇಲ್ಲಿಯವರೆಗೆ ಬರೆದು, ಇವತ್ತು ಬೆಳಿಗ್ಗೆ ಅಮ್ಮಿಗೆ ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತ ಕೂತಿದ್ದಳು. ಮೊದಲಲ್ಲೇ, ‘ದೂರ ಐತಿ’ ಎಂಬಲ್ಲಿ ಓದುವುದನ್ನು ನಿಲ್ಲಿಸಿದೆ. ಅಮ್ಮಿಗೆ ಈ ಸುಳ್ಳಿನ ವಿಷಯ ನಾನು ಎಂದೂ ಹೇಳಿರಲಿಲ್ಲ. ಅವಳು ಮೊರ ಕೆಳಗಿಟ್ಟಳು. ಅವಳ ಉರ್ದುವನ್ನು ನಿಮಗಾಗಿ ಕನ್ನಡ ಮಾಡಿ ಬರೆಯುತ್ತೇನೆ.

“ಅವರಿಗೆ ಗೊತ್ತಿತ್ತಲ್ಲ,” ಎಂದಳು.

“ಏನು ಗೊತ್ತಿತ್ತು?”

“ನೀ ಬಸ್ಸಿಗೆ ಹೋದ ಮ್ಯಾಲ ನಂಗ ಹೇಳಿದ್ರು. ಮಾಳಿಗಿ ಮ್ಯಾಲಿಂದ ತಗದ ಫೋಟೋದಾಗ ಹಿತ್ತಲದ ಹಿಂದ ಹಸರ ಜೊಂಡು ಕಂಡಿತ್ತಂತ. ಮೇ ತಿಂಗಳದಾಗ ಜೊಂಡು ಹಸರ ಐತಿ ಅಂದ್ರ ಕಾಲುವಿ ಮಗ್ಗಲದಾಗ ಐತಿ ಅಂದ್ರು.”

“ಮತ್ತ ಛಲೋ ಆತು ಅಂದ್ರಲ್ಲ ಅಮ್ಮಿ?”

“ನಾನೂ ಅದನ್ನ ಕೇಳ್ದೆ. ಇಸಾರ ಕೊಟ್ಟು ಬಂದಾಳ, ಈಗ ಹೇಳಿದ್ರ ಇಸಾರ ತಿರುಗಿ ಬರೂದಿಲ್ಲ, ಅಕಿ ನಗೂ ಹೋಗ್ತೈತಿ ಅಂದ್ರು. ನೀರು ಬಂದ್ರ ಏನ ಮಾಡಬೇಕಂತ ಅಕಿಗೆ ಗೊತ್ತೈತಿ ಅಂದ್ರು.”

“ಇಷ್ಟ ದಿನಾ ನಂಗ್ಯಾಕ ಹೇಳ್ಲಿಲ್ಲ?”

“ನೀ ಎಲ್ಲಿ ಕೇಳ್ದಿ?” ಎಂದು ಅಮ್ಮಿ ಮತ್ತೆ ಮೊರ ಕೈಗೆತ್ತಿಕೊಂಡಳು.

ಒಳಗೆ ಹೋಗಿ ಅತ್ತೆ ಅಬ್ಬಾ. ಚೆನ್ನಾಗಿ ಅತ್ತೆ. ಹದಿನೈದು ತಿಂಗಳು ನನ್ನನ್ನು ಮುನಿರಾಬಾದಿನ ಬಸ್ಸು ಹತ್ತಲು ಬಿಡದ ಭಾರ ಅದು. ನೀವು ಒಂದು ಮಾತು ಆಡಿದ್ದರೆ ಅಲ್ಲೇ, ಆ ಮಂಚದ ಪಕ್ಕದಲ್ಲೇ ಇಳಿದುಹೋಗುತ್ತಿತ್ತು. ಅತ್ತು ಮುಗಿದ ಮೇಲೆ ನಿಮ್ಮ ಮೇಲೆ ಸಿಟ್ಟು ಬಂತು. ಆ ಮಧ್ಯಾಹ್ನ ಸುಳ್ಳು ಹೇಳಿದವಳು ನಾನೊಬ್ಬಳೇ ಅಂದುಕೊಂಡಿದ್ದೆ. ‘ಛಲೋ ಆತು’ ಅಂತೆ!

ಬರುವ ಶುಕ್ರವಾರ ಶಾಲೆ ಬಿಟ್ಟ ಕೂಡಲೇ ಹೊರಡುತ್ತೇನೆ. ಅಮ್ಮಿಯೂ ಬರುತ್ತಾಳೆ. ಇಬ್ಬರೂ ಗೋಡೆಯ ಹೊರಗೇ ನಿಲ್ಲುತ್ತೇವೆ, ಖಾಜಾ ಒಳಗೆ ಬಂದು ಹೂ ಹಾಕುತ್ತಾರೆ. ನನ್ನ ಸುಳ್ಳನ್ನು ನಾನು ಇಲ್ಲಿ ಪೂರ್ತಿ ಬರೆದು ಒಪ್ಪಿಸಿದ್ದೇನೆ, ಅಲ್ಲಿ ಬಂದು ಹೇಳಲು ನನ್ನಲ್ಲಿ ಏನೂ ಉಳಿದಿಲ್ಲ. ಇನ್ನು ನಿಮ್ಮದು ನೀವು ಒಪ್ಪಿಕೊಳ್ಳಬೇಕು. ಕೇಳಿಸಿಕೊಳ್ಳಲು ಬರುತ್ತಿದ್ದೇನೆ.

ಗಂಗಾವತಿಯ ನಮ್ಮ ಮನೆಯಿಂದ,
ಮುನ್ನಿ